ಐದು ಮೈಕ್ರೋಲೀಟರ್ ರಕ್ತದ ಲೆಕ್ಕ

ಸಕಲೇಶಪುರ, ಆಲೂರು ಕಡೆಯ ತೋಟದ ಲೈನ್‌ಮನೆಯಲ್ಲಿ ಯಾರಿಗಾದರೂ ಚಳಿಜ್ವರ ಬಂದರೆ, ಬೆರಳು ಚುಚ್ಚಿ ಮಲೇರಿಯಾ ಕಾರ್ಡಿಗೆ ಹಾಕುವ ರಕ್ತ ಬರೀ 5 ಮೈಕ್ರೋಲೀಟರ್. ಮೈಯಲ್ಲಿರುವುದು ಸುಮಾರು 5 ಲೀಟರ್. ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲನ್ನು ನೋಡಿ, ಕಾಲು ಗಂಟೆಯಲ್ಲಿ ಆ ಕಾರ್ಡ್ ಇಡೀ ದೇಹದ ಬಗ್ಗೆ ತೀರ್ಪು ಕೊಡಬೇಕು.

ಆ ಚೂರು ರಕ್ತದಲ್ಲೂ ಕೆಂಪು ಕಣಗಳು ಸುಮಾರು ಎರಡೂವರೆ ಕೋಟಿ! ವಿಶ್ವ ಆರೋಗ್ಯ ಸಂಸ್ಥೆ 2008ರಿಂದ 2018ರವರೆಗೆ ಎಂಟು ಸುತ್ತುಗಳಲ್ಲಿ ಇಂಥ ಕಾರ್ಡ್‌ಗಳನ್ನು ಒರೆಗೆ ಹಚ್ಚಿತು. ಮೊದಲ ಸುತ್ತಿಗೇ ಬಂದವು 41 ಬಗೆ. ಕಠಿಣ ಪರೀಕ್ಷೆಗೆ ಇಟ್ಟ ಅಳತೆ, ಮೈಕ್ರೋಲೀಟರಿಗೆ 200 ರೋಗಾಣು. ಅಂದರೆ 25,000 ಕಣಗಳಲ್ಲಿ ಒಂದಕ್ಕೆ ಮಾತ್ರ ಸೋಂಕು. ಇದನ್ನು ತೋಟದ ಲೆಕ್ಕದಲ್ಲಿ ನೋಡಿ: ಆರಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 1,200 ಅರೇಬಿಕಾ ಕಾಫಿ ಗಿಡ. ಇಪ್ಪತ್ತು ಎಕರೆ ತೋಟದಲ್ಲಿ ಬಿಳಿ ಕಾಂಡಕೊರಕ ಹುಳು ಹೊಕ್ಕ ಒಂದೇ ಒಂದು ಗಿಡವನ್ನು ಪತ್ತೆಹಚ್ಚಿದ ಹಾಗೆ.

ಪಾಸಾಗುವುದು ಸುಲಭವಿರಲಿಲ್ಲ. ಒಂದೇ ರಕ್ತದ ಮಾದರಿಯನ್ನು ಎರಡು ಲಾಟಿನ ಎರಡೆರಡು ಕಾರ್ಡ್‌ಗಳಲ್ಲಿ ಪರೀಕ್ಷಿಸಿ, ನಾಲ್ಕೂ ಪಾಸಿಟಿವ್ ತೋರಿಸಿದರೆ ಮಾತ್ರ ಒಂದು ಅಂಕ. 100 ಮಾದರಿಗಳಲ್ಲಿ ಕನಿಷ್ಠ 75 ಹೀಗೆ ಗೆಲ್ಲಬೇಕು.

ಈಗ ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಮೈಕ್ರೋಲೀಟರಿಗೆ 200 ಅಂದರೆ 5 ಲೀಟರ್ ರಕ್ತದಲ್ಲಿ 100 ಕೋಟಿ ರೋಗಾಣು. ಮೈಕ್ರೋಲೀಟರಿಗೆ ಇಪ್ಪತ್ತೇ ಇದ್ದರೆ ಕಾರ್ಡ್ ಬಹುಪಾಲು ಸುಮ್ಮನಿರುತ್ತದೆ. ಆಗಲೂ ಒಳಗಿರುವುದು 10 ಕೋಟಿ! ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಮಲೇರಿಯಾ ಎಳೆಯ ಕೆಂಪು ಕಣಗಳನ್ನಷ್ಟೇ ಹೊಗುತ್ತದೆ. ಅಂಥ ಕಣ ನೂರಕ್ಕೆ ಒಂದರಷ್ಟು. ಹಾಗಾಗಿ ಅದರ ಸಂಖ್ಯೆ ಕಡಿಮೆ, ಪತ್ತೆ ಕಷ್ಟ. ಆದರೆ 48 ಗಂಟೆಗೊಮ್ಮೆ ಕಣ ಒಡೆದಾಗ 12ರಿಂದ 24 ಹೊಸ ರೋಗಾಣು ಹೊರಬರುತ್ತವೆ. ಅವುಗಳಲ್ಲಿ ಹತ್ತು ಉಳಿದರೂ ಇವತ್ತಿನ 20 ಎರಡು ದಿನಕ್ಕೆ 200. ನೆಗೆಟಿವ್ ಬಂದವರಿಗೂ ಜ್ವರ ಇಳಿಯದಿದ್ದರೆ ಮತ್ತೆ ಪರೀಕ್ಷೆ ಮಾಡಬೇಕು ಎನ್ನುವುದು ಇದಕ್ಕೇ.

ಇನ್ನೊಂದು ಲೆಕ್ಕ ಇದಕ್ಕಿಂತ ಬೆರಗಿನದು. 1947ರಲ್ಲಿ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು. 2023ರಲ್ಲಿ ವರದಿಯಾದ ಪ್ರಕರಣಗಳು ಸುಮಾರು 2.27 ಲಕ್ಷ. ಮಲೆನಾಡಿನ ಹಳ್ಳ, ಒರತೆಗಳಲ್ಲಿ ಮರಿ ಮಾಡುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆಗೆ ಹೆದರಿದ್ದ ಸೀಮೆಗೆ ಇದು ದೊಡ್ಡ ಗೆಲುವು. ಆದರೆ ರೋಗ ಅಪರೂಪವಾದಷ್ಟೂ ಪರೀಕ್ಷೆಯ ಕೆಲಸ ಬಿಗಿಯಾಗುತ್ತದೆ. ಸಾವಿರ ಜನರಲ್ಲಿ ಒಬ್ಬರಿಗೆ ಮಾತ್ರ ಸೋಂಕಿದೆ, ಕಾರ್ಡ್ ನೂರಕ್ಕೆ ಐದು ಸಲ ಸುಳ್ಳು ಪಾಸಿಟಿವ್ ಕೊಡುತ್ತದೆ ಎಂದುಕೊಳ್ಳಿ: ನಿಜವಾದ ಒಬ್ಬ ರೋಗಿಯ ಜೊತೆ ರೋಗವೇ ಇಲ್ಲದ 50 ಜನ ಸಾಲಿನಲ್ಲಿ ನಿಲ್ಲುತ್ತಾರೆ. ಕಾರ್ಡಿನ ಜೊತೆಗೆ ಗಾಜಿನ ಮೇಲಿನ ರಕ್ತಲೇಪನ, ಅದನ್ನು ಸೂಕ್ಷ್ಮದರ್ಶಕದಲ್ಲಿ ಓದಬಲ್ಲ ಕಣ್ಣು, ಎರಡೂ ಇಂದಿಗೂ ಬೇಕು.

ಮಳೆಗಾಲದ ಇಲ್ಲಿನ ತೇವವೂ ಕಾರ್ಡಿಗೆ ಶತ್ರು. ಪೊಟ್ಟಣ ಒಡೆದ ಕೂಡಲೇ ಬಳಸಬೇಕು, ಒಡೆದದ್ದನ್ನು ಎತ್ತಿಡಬಾರದು.

ಓದುಗರಲ್ಲಿ, ಅದರಲ್ಲೂ ತೋಟದ ಮಾಲೀಕರಲ್ಲಿ, ನನ್ನ ವಿನಂತಿ ಇಷ್ಟೆ. ಕೆಲಸದವರಿಗೆ ಚಳಿಜ್ವರ ಬಂದರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಕಾರ್ಡ್ ನೆಗೆಟಿವ್ ಬಂದರೂ ರಕ್ತಲೇಪನ ಮಾಡಿಸಿ. ಜ್ವರ ನಿಲ್ಲದಿದ್ದರೆ ಮತ್ತೆ ಕಳಿಸಿ. ವೈವಾಕ್ಸ್ ಯಕೃತ್ತಿನಲ್ಲಿ ಅಡಗಿ ಮಲಗುತ್ತದೆ, ಅಲ್ಲಿರುವುದು ಯಾವ ಕಾರ್ಡಿಗೂ ಕಾಣದು. ಆದ್ದರಿಂದ ವೈದ್ಯರು 14 ದಿನದ ಪ್ರೈಮಾಕ್ವಿನ್ ಬರೆದುಕೊಟ್ಟರೆ, ಮೂರನೇ ದಿನಕ್ಕೆ ಜ್ವರ ಬಿಟ್ಟರೂ ಹದಿನಾಲ್ಕೂ ದಿನ ನುಂಗಿಸಿ.