ಆಧಾರಚಕ್ರದಲ್ಲಿ ಆಚಾರಲಿಂಗ

ಕಾರ್ತಿಕ ಮಾಸದ ಒಂದು ಸೋಮವಾರ ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯ ಸದ್ಭಕ್ತರು ಏರ್ಪಡಿಸಿದ್ದ ಶಿವಾನುಭವ ಗೋಷ್ಠಿಗೆ ನಾವು ಹೋಗಿದ್ದೆವು. ದೀಪೋತ್ಸವ ಮುಗಿದು, ಪ್ರಸಾದವೂ ಆಗಿ, ಜನ ಚಾಪೆ ಸುತ್ತುವ ಹೊತ್ತಿಗೆ ಹಿರಿಯರೊಬ್ಬರು ಮಗನನ್ನು ಮುಂದೆ ಮಾಡಿಕೊಂಡು ಬಂದು ಪಾದಕ್ಕೆರಗಿದರು.

"ಬುದ್ಧೀ, ಒಂದು ತಿಂಗಳಿಂದ ಇವನಿಗೆ ನಿದ್ದೆ ಇಲ್ಲ. ಎದೆ ಕಟ್ಟಿದಂಗೆ ಆಯ್ತದೆ, ತಲೆ ಒಳಗೆ ಇರುವೆ ಹರಿದಂಗೆ ಆಯ್ತದೆ ಅಂತಾನೆ. ಮೊಬೈಲಲ್ಲಿ ಏನೋ ನೋಡ್ಕೊಂಡು ರಾತ್ರಿಯೆಲ್ಲ ಉಸಿರು ಹಿಡ್ಕೊಂಡು ಕೂರ್ತಿದ್ದ. ಕುಂಡಲಿನಿ ಎಬ್ಬಿಸ್ತೀನಿ ಅಂತಾನೆ. ಎದ್ದಿರೋದು ಕುಂಡಲಿನಿಯೋ, ಯಾವುದಾದರೂ ಗಾಳಿಯೋ, ತಾವೇ ಹೇಳಬೇಕು."

ಹುಡುಗನಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವರ್ಷ. ಓದಿಕೊಂಡವನು, ಮನೆಯ ರೇಷ್ಮೆ ಸಾಕಣೆ ನೋಡಿಕೊಳ್ಳುವವನು. ಕಣ್ಣು ಒಳಕ್ಕೆ ಹೋಗಿದ್ದವು. ಆದರೂ ಅವನ ಪ್ರಶ್ನೆ ಬೇರೆಯೇ ಇತ್ತು: "ಬುದ್ಧೀ, ಸಹಸ್ರಾರಕ್ಕೆ ಎಷ್ಟು ದಿನದಲ್ಲಿ ಹೋಗಬಹುದು?" ಕನಕಪುರಕ್ಕೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ ಹಾಗಿತ್ತು. ಸುತ್ತಲಿದ್ದವರು ನಕ್ಕರು. ನಮಗೆ ನಗು ಬರಲಿಲ್ಲ. ಅದಕ್ಕೆ ಕಾರಣವಿದೆ.

ನಾವೂ ಆ ವಯಸ್ಸಿನಲ್ಲಿ ಅದನ್ನೇ ಮಾಡಿದವರು. ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಹಠಯೋಗದ ಒಂದು ಪುಸ್ತಕ ಕೈಗೆ ಸಿಕ್ಕಿತು. ಗುರುಗಳನ್ನು ಕೇಳಲಿಲ್ಲ. ಕೇಳಿದರೆ ಬೇಡವೆಂದಾರು ಎಂಬ ಭಯ, ಜೊತೆಗೆ ಎಲ್ಲರಿಗಿಂತ ಮೊದಲು ಮೇಲೇರಬೇಕೆಂಬ ಅಹಂಕಾರ. ಬೆಳಗಿನ ಜಾವ ಕೋಣೆಯ ಬಾಗಿಲು ಹಾಕಿಕೊಂಡು ಕುಂಭಕ ಮಾಡುತ್ತಿದ್ದೆವು. ಇಂದು ಇಷ್ಟು ಎಣಿಕೆ, ನಾಳೆ ಅದರ ಎರಡರಷ್ಟು. ಮೂರನೆಯ ವಾರಕ್ಕೆ ಮೂಗಿನಲ್ಲಿ ರಕ್ತ ಬಂತು, ನಿದ್ರೆ ಹೋಯಿತು, ಅನ್ನ ಸೇರದಾಯಿತು. ಮಠದ ಹಿರಿಯ ಗುರುಗಳಿಗೆ ಸುದ್ದಿ ಮುಟ್ಟಿದಾಗ ಅವರು ಗದರಲಿಲ್ಲ. "ಏರಿ ಗಟ್ಟಿಯಿಲ್ಲದ ಕೆರೆಗೆ ನೀರು ತುಂಬಲು ಹೊರಟೆಯಾ?" ಎಂದಷ್ಟೇ ಕೇಳಿ, ವೈದ್ಯರಲ್ಲಿಗೆ ಕಳುಹಿಸಿದರು. ಮೈ ಸರಿಯಾದ ಮೇಲೆ ಆರು ತಿಂಗಳು ದಾಸೋಹದ ಮನೆಯಲ್ಲಿ ನೀರು ಸೇದುವ, ಉಂಡವರ ಎಡೆ ಎತ್ತುವ ಕೆಲಸ ಅಪ್ಪಣೆ ಕೊಡಿಸಿದರು. ಅದು ನಮಗಾದ ಶಿಕ್ಷೆ ಎಂದೇ ಅಂದುಕೊಂಡಿದ್ದೆವು. ಅದೇ ಯೋಗದ ಮೊದಲ ಪಾಠವೆಂದು ತಿಳಿಯಲು ಬಹಳ ವರ್ಷ ಹಿಡಿಯಿತು.

ಹೆಸರಿನಲ್ಲೇ ಕೋಡಿಯನ್ನಿಟ್ಟುಕೊಂಡ ಊರಿನವರಿಗೆ ಏರಿ, ತೂಬು, ಕೋಡಿಗಳ ಸಂಗತಿಯನ್ನು ನಾವು ವಿವರಿಸಬೇಕಾಗಿಲ್ಲ. ಆದುದರಿಂದ ಅಂದು ಆ ಹುಡುಗನಿಗೆ, "ನಾಳೆಯೇ ಹೋಗಿ ವೈದ್ಯರಿಗೆ ತೋರಿಸು. ಉಸಿರು ಹಿಡಿಯುವುದನ್ನು ಇವತ್ತೇ ಬಿಡು. ಉಳಿದದ್ದನ್ನು ಮಠಕ್ಕೆ ಬಂದಾಗ ಮಾತನಾಡೋಣ" ಎಂದೆವು. ಅಲ್ಲಿದ್ದ ಹಿರಿಯರು ಚಕ್ರಗಳ ವಿಷಯವನ್ನು ಪತ್ರಿಕೆಯಲ್ಲಿ ಬರೆಯಬೇಕೆಂದು ಕೇಳಿಕೊಂಡರು. ಅವರ ಅಪೇಕ್ಷೆಯಂತೆ ಇದನ್ನು ಬರೆಯುತ್ತಿದ್ದೇವೆ.

ಚಕ್ರವೆಂದರೆ ಮೈಯೊಳಗೆ ತಿರುಗುವ ಗಾಲಿಯಲ್ಲ. ಯೋಗಶಾಸ್ತ್ರಗಳು ಅವನ್ನು ಕಮಲಗಳೆಂದೂ ಕರೆದಿವೆ. ಗುದಸ್ಥಾನದಲ್ಲಿ ಆಧಾರ, ಅದಕ್ಕೆ ನಾಲ್ಕು ದಳ. ಗುಹ್ಯಸ್ಥಾನದಲ್ಲಿ ಸ್ವಾಧಿಷ್ಠಾನ, ಆರು ದಳ. ನಾಭಿಯಲ್ಲಿ ಮಣಿಪೂರಕ, ಹತ್ತು ದಳ. ಹೃದಯದಲ್ಲಿ ಅನಾಹತ, ಹನ್ನೆರಡು ದಳ. ಕಂಠದಲ್ಲಿ ವಿಶುದ್ಧಿ, ಹದಿನಾರು ದಳ. ಹುಬ್ಬುಗಳ ನಡುವೆ ಆಜ್ಞಾ, ಎರಡು ದಳ. ಎಲ್ಲ ಕೂಡಿದರೆ 50. ದಳಕ್ಕೊಂದು ಅಕ್ಷರ. ಕಂಠದ ಹದಿನಾರರಲ್ಲಿ ಸ್ವರಗಳು, ಹೃದಯದ ಹನ್ನೆರಡರಲ್ಲಿ ಕಕಾರದಿಂದ ಠಕಾರದವರೆಗೆ, ಹೀಗೆ ಇಳಿಯುತ್ತ ಆಧಾರದ ನಾಲ್ಕರಲ್ಲಿ ವ, ಶ, ಷ, ಸ. ಹುಬ್ಬಿನ ನಡುವಿನ ಎರಡರಲ್ಲಿ ಹ ಮತ್ತು ಕ್ಷ. ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದಿದ ಹಿರಿಯರು ಇದನ್ನೊಮ್ಮೆ ನೆನೆದು ನೋಡಬೇಕು. ನಾವು ಆಡುವ ಮಾತೆಲ್ಲ ಈ ಐವತ್ತರಿಂದಲೇ ಹುಟ್ಟತಕ್ಕದ್ದು. ಬಾಯಿಂದ ಹೊರಟ ಬೈಗುಳವೂ ಒಂದು ಕಮಲದ ದಳವನ್ನು ಮುಟ್ಟಿಯೇ ಬಂದಿರುತ್ತದೆ.

ಈಗ ಅಂಗಡಿಗಳಲ್ಲಿ, ಮೊಬೈಲುಗಳಲ್ಲಿ ಕಾಣುವ ಕಾಮನಬಿಲ್ಲಿನ ಏಳು ಬಣ್ಣದ ಚಕ್ರಗಳ ಚಿತ್ರ ನಮ್ಮ ಪ್ರಾಚೀನ ಶಾಸ್ತ್ರದ್ದಲ್ಲ. ವಂಗದೇಶದ ಪೂರ್ಣಾನಂದ ಯತಿಗಳು 1577ರಲ್ಲಿ ರಚಿಸಿದ 'ಷಟ್‌ಚಕ್ರನಿರೂಪಣ'ವನ್ನು ಕಲ್ಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಜಾನ್ ವುಡ್ರೋಫ್ ಅವರು ಆರ್ಥರ್ ಅವಲೋನ್ ಎಂಬ ಹೆಸರಿನಿಂದ 1919ರಲ್ಲಿ ಇಂಗ್ಲಿಷಿಗೆ ತಂದರು. ಪಶ್ಚಿಮದವರಿಗೆ ಚಕ್ರಗಳ ಪರಿಚಯವಾದದ್ದು ಹೆಚ್ಚಾಗಿ ಆ ಗ್ರಂಥದ ಮೂಲಕ. ಅದರಲ್ಲಿ ಆಧಾರದ ಪೃಥ್ವೀಮಂಡಲ ಹಳದಿ, ನಾಭಿಯ ಅಗ್ನಿಮಂಡಲ ಕೆಂಪು. ಈಗಿನ ಚಿತ್ರಗಳಲ್ಲಿ ಆಧಾರ ಕೆಂಪು, ನಾಭಿ ಹಳದಿ! ಕಾಮನಬಿಲ್ಲಿನ ಕ್ರಮ ಕಳೆದ ಶತಮಾನದಲ್ಲಿ ಪಶ್ಚಿಮದವರು ಕೂಡಿಸಿಕೊಂಡದ್ದು. ಬಣ್ಣದ ಕಲ್ಲು ಕೊಂಡರೆ ಚಕ್ರ ತೆರೆಯುತ್ತದೆಂಬ ಮಾತನ್ನು ನಂಬಿ ಹಣ ಕಳೆದುಕೊಳ್ಳಬೇಡಿರೆಂದು ಹೇಳಲು ಇಷ್ಟು ದೂರ ಹೋಗಬೇಕಾಯಿತು.

ಇನ್ನೊಂದು ಕಡೆಯಿಂದ ಬರುವ ಪ್ರಶ್ನೆಯೂ ಇದೆ. ವೈದ್ಯರು ಹೆಣವನ್ನು ಕೊಯ್ದು ನೋಡಿದರೆ ಈ ಕಮಲಗಳು ಕಾಣುವುದಿಲ್ಲವಲ್ಲ? ಆರ್ಯಸಮಾಜವನ್ನು ಸ್ಥಾಪಿಸಿದ ದಯಾನಂದ ಸರಸ್ವತಿಗಳು ತಮ್ಮ ಆತ್ಮವೃತ್ತಾಂತದಲ್ಲಿ ಇದನ್ನೇ ಹೇಳಿಕೊಂಡಿದ್ದಾರೆ. ಗಂಗೆಯಲ್ಲಿ ತೇಲಿಬಂದ ಶವವೊಂದನ್ನು ದಡಕ್ಕೆಳೆದು, ಕೊಯ್ದು, ಪುಸ್ತಕದಲ್ಲಿ ಬರೆದ ನಾಡಿಚಕ್ರಗಳೊಡನೆ ಹೋಲಿಸಿ ನೋಡಿದರಂತೆ. ಒಂದೂ ತಾಳೆಯಾಗಲಿಲ್ಲ. ಪುಸ್ತಕವನ್ನೂ ಶವದೊಡನೆ ನದಿಗೆ ಎಸೆದರಂತೆ. ಅವರ ಧೈರ್ಯ ಮೆಚ್ಚತಕ್ಕದ್ದೇ. ಆದರೆ ಹೆಣದಲ್ಲಿ ಹುಡುಕಿದರೆ ಪ್ರೀತಿಯೂ ಸಿಕ್ಕದು, ಸಿಟ್ಟೂ ಸಿಕ್ಕದು. ಚಕ್ರಗಳು ಮಾಂಸದ ಗಂಟುಗಳೆಂದು ನಾವು ಹೇಳುವುದಿಲ್ಲ, ವೈದ್ಯಶಾಸ್ತ್ರದೊಡನೆ ಜಗಳಕ್ಕೂ ಹೋಗುವುದಿಲ್ಲ. ಅವು ಭಾವವನ್ನು ನೆಲೆನಿಲ್ಲಿಸುವ ತಾಣಗಳು.

ಹಾಗಾದರೆ ಅಲ್ಲಿ ಏನನ್ನು ನಿಲ್ಲಿಸಬೇಕು? ಇಲ್ಲಿ ವೀರಶೈವದ ದಾರಿ ಬೇರೆಯಾಗುತ್ತದೆ. ಚನ್ನಬಸವಣ್ಣನವರ ಕರಣಹಸುಗೆಯಿಂದ ಮೊದಲಾಗಿ ನಮ್ಮ ಆಚಾರ್ಯರೂ ಶರಣರೂ ಷಟ್‌ಚಕ್ರಗಳಿಗೆ ಷಟ್‌ಸ್ಥಲಗಳನ್ನೂ ಷಡ್ವಿಧಲಿಂಗಗಳನ್ನೂ ಜೋಡಿಸಿದರು. ಎಡೆಯೂರಿನಲ್ಲಿ ನೆಲೆಸಿರುವ ತೋಂಟದ ಸಿದ್ಧಲಿಂಗ ಯತಿಗಳು ಷಟ್‌ಸ್ಥಲ ಜ್ಞಾನಸಾರಾಮೃತದ ವಚನಗಳಲ್ಲಿ ಆ ಷಟ್‌ಸ್ಥಲದ ಮಾರ್ಗವನ್ನೇ ಬಿಡಿಸಿ ತೋರಿಸಿದರು. ಮಾಗಡಿಯ ಆಚೆಗೇ ಕುಣಿಗಲ್ ಸೀಮೆ. ಅಲ್ಲಿ ಕಗ್ಗೆರೆಯ ತೋಟದಲ್ಲಿ ಅವರು ಶಿವಯೋಗದಲ್ಲಿ ಕುಳಿತರು, ಮೈಮೇಲೆ ಹುತ್ತ ಬೆಳೆಯಿತೆಂಬ ಕಥೆಯನ್ನು ನಿಮ್ಮಲ್ಲಿ ಕೇಳದವರಾರು?

ಅವರು ಹೇಳುವ ಕ್ರಮದಲ್ಲಿ ಆಧಾರಚಕ್ರದಲ್ಲಿ ಇರತಕ್ಕದ್ದು ಆಚಾರಲಿಂಗ. ಅಲ್ಲಿಯ ಸ್ಥಲ ಭಕ್ತಸ್ಥಲ, ತತ್ತ್ವ ಪೃಥ್ವಿ, ಇಂದ್ರಿಯ ಮೂಗು, ಅರ್ಪಿಸುವ ಪದಾರ್ಥ ಗಂಧ, ಅರ್ಪಿಸುವ ಕೈ ಸುಚಿತ್ತವೆಂಬ ಕೈ, ಭಕ್ತಿ ಶ್ರದ್ಧಾಭಕ್ತಿ. ಮಂತ್ರದ ನಕಾರ ಅಲ್ಲಿಯದು. ಇದನ್ನು ಬಾಯಿಪಾಠ ಮಾಡಿದವರು ಬಹಳ. ಅದರ ಹುರುಳನ್ನು ನೋಡೋಣ. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ವಾಸನೆಯನ್ನು ಒಕ್ಕಲಿನವನು ಮೂಗಿನಿಂದಲ್ಲ, ಜೀವದಿಂದ ಎಳೆದುಕೊಳ್ಳುತ್ತಾನೆ. ಆ ಕ್ಷಣ 'ಇದು ನನ್ನ ಹೊಲ' ಎಂದರೆ ಅದು ಬರೀ ಗಂಧ. 'ಇದು ಶಿವನದು, ನನಗೆ ಉಣ್ಣಲು ಕೊಟ್ಟದ್ದು' ಎಂದರೆ ಅದೇ ಗಂಧ ಪ್ರಸಾದ. ಇಷ್ಟೇ ಅರ್ಪಣೆ. ಆದರೆ ಹಾಗೆಂದ ಮೇಲೆ ಪಕ್ಕದವನ ಬದುವನ್ನು ಒಂದು ಗೇಣು ಒತ್ತಲು ಮನಸ್ಸು ಬರಬಾರದು. ತೂಕದಲ್ಲಿ ಮೋಸ, ಕೂಲಿಯವನ ಹಣ ಹಿಡಿಯುವುದು, ಅಣ್ಣತಮ್ಮಂದಿರ ಭಾಗ ನುಂಗುವುದು, ಇವೆಲ್ಲ ಕೆಡಿಸುವುದು ಆಧಾರಚಕ್ರವನ್ನೇ. ಆಚಾರವೆಂಬ ಲಿಂಗ ಅಲ್ಲಿಂದ ಎದ್ದುಹೋದ ಮೇಲೆ ಉಸಿರು ಹಿಡಿದು ಏನನ್ನು ಎಬ್ಬಿಸುವುದು?

ಸ್ವಾಧಿಷ್ಠಾನದಲ್ಲಿ ಗುರುಲಿಂಗ, ಅದು ಮಾಹೇಶಸ್ಥಲ. ತತ್ತ್ವ ಜಲ, ಇಂದ್ರಿಯ ನಾಲಗೆ, ಭಕ್ತಿ ನೈಷ್ಠಿಕೆ. ರುಚಿ ನೋಡುವುದೂ ಮಾತಾಡುವುದೂ ಒಂದೇ ನಾಲಗೆ ಎಂಬುದನ್ನು ಮರೆತವರಿಂದಲೇ ಊರಿನ ಅರ್ಧ ಜಗಳ. ಮಣಿಪೂರಕದಲ್ಲಿ ಶಿವಲಿಂಗ, ಪ್ರಸಾದಿಸ್ಥಲ. ತತ್ತ್ವ ಅಗ್ನಿ, ಇಂದ್ರಿಯ ಕಣ್ಣು, ಕೈ ನಿರಹಂಕಾರ. ಹಸಿವೆಯ ಬೆಂಕಿ ಇರುವ ಕಡೆಯಲ್ಲೇ ಪ್ರಸಾದಿ ಇರಬೇಕೆಂದು ವಿಧಿಸಿದ ನಮ್ಮ ಹಿರಿಯರ ಜಾಣ್ಮೆಗೆ ಶರಣು ಹೇಳಬೇಕು. ದಾಸೋಹದ ಮನೆಯಲ್ಲಿ ಎಡೆ ಎತ್ತಿದ ಆರು ತಿಂಗಳು ನಮಗೆ ಕಲಿಸಿದ್ದು ಇದನ್ನೇ. ಅನಾಹತದಲ್ಲಿ ಜಂಗಮಲಿಂಗ, ಪ್ರಾಣಲಿಂಗಿಸ್ಥಲ, ವಾಯು ಮತ್ತು ಸ್ಪರ್ಶ. ವಿಶುದ್ಧಿಯಲ್ಲಿ ಪ್ರಸಾದಲಿಂಗ, ಶರಣಸ್ಥಲ, ಆಕಾಶ ಮತ್ತು ಶಬ್ದ. ಆಜ್ಞೆಯಲ್ಲಿ ಮಹಾಲಿಂಗ, ಐಕ್ಯಸ್ಥಲ, ಅಲ್ಲಿಯ ಪದಾರ್ಥ ತೃಪ್ತಿ. ಅದರ ಮೇಲೆಯೂ ಬ್ರಹ್ಮರಂಧ್ರ, ಶಿಖಾ, ಪಶ್ಚಿಮವೆಂದು ಮೂರನ್ನು ಹೇಳಿ ನವಚಕ್ರವೆನ್ನುತ್ತಾರೆ. ಅವುಗಳ ಮಾತು ಪತ್ರಿಕೆಯ ಅಂಕಣಕ್ಕೆ ತಕ್ಕುದಲ್ಲ, ಮೇಲಾಗಿ ಇದನ್ನು ಬರೆಯುವವನ ಅನುಭವಕ್ಕೂ ಮೀರಿದ್ದು.

ಅಲ್ಲಮಪ್ರಭುಗಳೂ ಗೋರಕ್ಷರೂ ಸಂಧಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿಯೂ ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಬಂದಿದೆ. ಗೋರಕ್ಷರು ಯೋಗಸಿದ್ಧಿಯಿಂದ ವಜ್ರಕಾಯರಾಗಿದ್ದರು. ಕತ್ತಿಯಿಂದ ಹೊಡೆದರೆ ಖಣಿಲೆಂದಿತು, ಒಂದು ಕೂದಲೂ ಕೊಂಕಲಿಲ್ಲ. ಆಮೇಲೆ ಅದೇ ಕತ್ತಿಯನ್ನು ಪ್ರಭುಗಳ ಮೇಲೆ ಬೀಸಿದಾಗ ಅದು ಬಯಲಿನಲ್ಲಿ ಬೀಸಿದಂತೆ ಹಾದುಹೋಯಿತು, ಸದ್ದೇ ಇಲ್ಲ. ಗೋರಕ್ಷರನ್ನು ಹೀನಾಯ ಮಾಡಲು ಈ ಕಥೆ ಹೇಳುವವರಿದ್ದಾರೆ, ನಮಗದು ಸೇರದು. ಅವರದು ಸಾಮಾನ್ಯ ಸಾಧನೆಯಲ್ಲ. ಆದರೆ ಗಟ್ಟಿಯಾದ ಮೈಯಲ್ಲಿ 'ನಾನು' ಎಂಬುದೂ ಗಟ್ಟಿಯಾಗಿ ಉಳಿದಿತ್ತು. ಖಣಿಲೆಂದದ್ದು ಅದೇ. ಹದಿನೈದನೆಯ ಶತಮಾನದ ಚನ್ನಸದಾಶಿವಯೋಗಿಗಳು ಶಿವಯೋಗಪ್ರದೀಪಿಕೆಯಲ್ಲಿ ಮಂತ್ರ, ಲಯ, ಹಠ, ರಾಜವೆಂಬ ನಾಲ್ಕು ಯೋಗಗಳನ್ನೂ ವಿವರಿಸಿದರು. ಪ್ರಾಣಾಯಾಮವನ್ನು ತಳ್ಳಿಹಾಕಲಿಲ್ಲ, ಶಿವಪೂಜೆಯಿಂದ ಬೇರ್ಪಡಿಸಲೂ ಇಲ್ಲ. ನಮ್ಮ ಅಭಿಪ್ರಾಯವೂ ಅಷ್ಟೆ.

ಇನ್ನು ಆ ಹುಡುಗನ ಸಂಗತಿ. ವೈದ್ಯರು ಕೊಟ್ಟ ಔಷಧಿಯಿಂದ ಸ್ವಲ್ಪ ನಿದ್ದೆ ಹತ್ತಿದ ಮೇಲೆ ತಂದೆಯೊಡನೆ ಮಠಕ್ಕೆ ಬಂದ. "ನಿನ್ನ ಇಷ್ಟಲಿಂಗ ಎಲ್ಲಿದೆಯಪ್ಪಾ?" ಎಂದು ಕೇಳಿದೆವು. ತಲೆ ತಗ್ಗಿಸಿದ. ಎಳೆಯನಿದ್ದಾಗ ದೀಕ್ಷೆಯಾಗಿತ್ತು, ಲಿಂಗ ಮಾತ್ರ ದೇವರ ಗೂಡಿನಲ್ಲಿ ಅಜ್ಜಿಯ ಕರಡಿಗೆಯೊಳಗೆ ಇತ್ತಂತೆ. ತಂದೆ ಅದನ್ನು ಪಂಚೆಯ ಅಂಚಿನಲ್ಲಿ ಕಟ್ಟಿಕೊಂಡು ತಂದಿದ್ದರು. ಕಂತಿ ಒಣಗಿ ಬಿರುಕು ಬಿಟ್ಟಿತ್ತು.

"ನೀನು ನೆತ್ತಿಯವರೆಗೆ ಹತ್ತಿ ಹೋಗಿ ಕಾಣಬೇಕೆಂದಿದ್ದೀಯಲ್ಲ, ಗುರು ಹಸ್ತಮಸ್ತಕ ಸಂಯೋಗದಲ್ಲಿ ಆ ನೆತ್ತಿಯ ಚಿತ್ಕಳೆಯನ್ನೇ ಇಳಿಸಿ ನಿನ್ನ ಎಡಗೈಯಲ್ಲಿ ಇಟ್ಟಿದ್ದಾನೆ. ಹತ್ತುವವನು ಬೀಳುವುದುಂಟು. ಅಂಗೈಯಲ್ಲಿ ಇರುವುದನ್ನು ನೋಡುತ್ತ ಕುಳಿತವನು ಎಲ್ಲಿಗೆ ಬಿದ್ದಾನು?" ಎಂದೆವು.

ಅವನು ಸುಮ್ಮನಿದ್ದು, "ಅಂಗಾದರೆ ಚಕ್ರಗಳು ಯಾವಾಗ ತೆರೆಯೋದು ಬುದ್ಧೀ?" ಎಂದ.

"ನಿಮ್ಮ ಮನೆಯಲ್ಲಿ ಹುಳು ಎಷ್ಟು ಜ್ವರಕ್ಕೆ ಕೂರುತ್ತವೆ?"

"ನಾಲ್ಕು, ಬುದ್ಧೀ."

"ಜ್ವರಕ್ಕೆ ಕೂತಾಗ ಸೊಪ್ಪು ಹಾಕುತ್ತೀಯಾ?"

"ಇಲ್ಲ. ಎಲ್ಲಾ ಏಳೋವರೆಗೂ ಕಾಯ್ತೀವಿ."

"ಎರಡನೇ ಜ್ವರದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ?"

ಅಷ್ಟು ಹೊತ್ತಿಗೆ ಮೊದಲ ಬಾರಿ ಅವನ ಮುಖದಲ್ಲಿ ನಗು ಕಂಡಿತು. "ಗೂಡು ಎಲ್ಲಿ ಕಟ್ತವೆ ಬುದ್ಧೀ, ಸಾಯ್ತವೆ."

ಲಿಂಗಕ್ಕೆ ಹೊಸ ಕಂತಿ ಮಾಡಿಸಿ ಕಟ್ಟಿದೆವು. ಬೆಳಿಗ್ಗೆ ಮಿಂದು, ಭಸ್ಮ ಧರಿಸಿ, ಲಿಂಗವನ್ನು ಎಡಗೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು, ಉಸಿರು ತಾನಾಗಿ ಹೇಗೆ ಬರುವುದೋ ಹಾಗೆ ಬಿಟ್ಟು, ಷಡಕ್ಷರಿಯನ್ನು ಮೆಲ್ಲಗೆ ಜಪಿಸುವುದು. ಎಣಿಕೆ ಬೇಡ, ಗಡಿಯಾರವೂ ಬೇಡ. ಹೊರಡುವಾಗ ಇನ್ನೊಂದು ಮಾತು ಹೇಳಿದೆವು. ಚಿಕ್ಕಪ್ಪನ ಮನೆಯವರೊಡನೆ ಬಾವಿಯ ನೀರಿನ ವಿಷಯಕ್ಕೆ ಎರಡು ವರ್ಷದಿಂದ ಮಾತಿಲ್ಲವೆಂದು ತಂದೆ ಹೇಳಿದ್ದರು. ಆಧಾರಚಕ್ರ ಅಲ್ಲಿಂದ ಶುರುವಾಗಲಿ ಎಂದೆವು.

ಸಂಕ್ರಾಂತಿ ಕಳೆದ ಮೇಲೆ ತಂದೆಯೊಬ್ಬರೇ ಬಂದಿದ್ದರು. ಹುಡುಗನಿಗೆ ಈಗ ನಿದ್ದೆ ಬರುತ್ತದಂತೆ. ಬಾವಿಯ ಮೋಟಾರಿಗೆ ದಿನ ಹಂಚಿಕೊಂಡರಂತೆ, ಚಿಕ್ಕಮ್ಮ ಎಳ್ಳುಬೆಲ್ಲ ಕಳುಹಿಸಿದರಂತೆ. "ಅವನು ಯಾಕೆ ಬರಲಿಲ್ಲ?" ಎಂದು ಕೇಳಿದ್ದಕ್ಕೆ ಹಿರಿಯರು ಕೈಮುಗಿದು ಹೇಳಿದರು: "ಹುಳು ನಾಲ್ಕನೇ ಜ್ವರಕ್ಕೆ ಕೂತವೆ ಬುದ್ಧೀ. ಅವು ಹಣ್ಣಾಗೋವರೆಗೂ ಮನೆ ಬಿಟ್ಟು ಕದಲಲ್ಲ ಅಂದ."