ವಾಲಿ ಯಾರು, ಸುಗ್ರೀವ ಯಾರು

ಗಂಗಾವತಿ ತಾಲ್ಲೂಕಿನ ಅಂಜನಾದ್ರಿ ಹತ್ತಲು 575 ಮೆಟ್ಟಿಲು. ನಮ್ಮ ಕಡೆಯ ಮಾತಿನಲ್ಲಿ ಪಾವಟಿಗೆ. ಬರಲಿರುವ ‘ರಾಮಾಯಣ’ ಚಿತ್ರದ ಎರಡು ಭಾಗಗಳಿಗೆ 4000 ಕೋಟಿ ರೂಪಾಯಿಗೂ ಮೀರಿ ಖರ್ಚಾಗುತ್ತದೆ ಎಂದು ನಿರ್ಮಾಪಕ ನಮಿತ್ ಮಲ್ಹೋತ್ರಾ ಹೇಳಿದ್ದನ್ನು ಓದಿದಾಗ ಆ ಮೊತ್ತ ನನ್ನ ಅಂದಾಜಿಗೆ ಸಿಗಲಿಲ್ಲ. ಹಾಗಾಗಿ ಅದನ್ನು ಈ ಪಾವಟಿಗೆಗಳ ಮೇಲೆ ಸಮನಾಗಿ ಹಂಚಿ ನೋಡಿದೆ. ಒಂದೊಂದರ ಮೇಲೂ ಹತ್ತಿರಹತ್ತಿರ 7 ಕೋಟಿ ಬಂತು. 2022ರಲ್ಲಿ ದೇಶವನ್ನೇ ನಡುಗಿಸಿದ ‘ಕಾಂತಾರ’ಕ್ಕೆ ಆದ ಖರ್ಚು ಸುಮಾರು 16 ಕೋಟಿ ಎನ್ನುತ್ತಾರೆ. ಆ ದುಡ್ಡು ಮೂರನೆಯ ಪಾವಟಿಗೆಗೆ ಕಾಲಿಡುವಷ್ಟರಲ್ಲಿ ಮುಗಿದುಹೋಗುತ್ತದೆ. ಮೇಲೆ ಇನ್ನೂ 572 ಉಳಿದಿರುತ್ತವೆ.

ಇನ್ನೊಂದು ಲೆಕ್ಕ ಹಾಕಿದೆ. 2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 13,89,920. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಸುಗೂಸು, ಮುದುಕರನ್ನೂ ಬಿಡದೆ ಹಂಚಿದರೆ ತಲೆಗೆ 28,700 ರೂಪಾಯಿ ದಾಟುತ್ತದೆ. ಐದು ಜನರ ಮನೆಗೆ 1 ಲಕ್ಷ 43 ಸಾವಿರ.

ಮೊದಲ ಭಾಗ 2026ರ ದೀಪಾವಳಿಗೆ, ಎರಡನೆಯದು 2027ರ ದೀಪಾವಳಿಗೆ ಎಂದು ಸಾರಿದ್ದಾರೆ. ನಿತೇಶ್ ತಿವಾರಿ ನಿರ್ದೇಶಕರು, ನಮ್ಮ ಯಶ್ ರಾವಣ. ಅತ್ತ ಪ್ರಶಾಂತ್ ವರ್ಮಾ ಅವರ ‘ಜೈ ಹನುಮಾನ್’ನಲ್ಲಿ ರಿಷಬ್ ಶೆಟ್ಟಿ ಹನುಮಂತ. ಎರಡರಲ್ಲೂ ನಾನು ಕಾಯುತ್ತಿರುವುದು ನಮ್ಮ ಗುಡ್ಡಗಳ ನಡುವೆ ನಡೆದ ಒಂದು ಕುಸ್ತಿಯನ್ನು. ವಾಲಿ–ಸುಗ್ರೀವರದು.

ಆನೆಗೊಂದಿಯ ಹತ್ತಿರ ವಾಲಿ ಕಿಲ್ಲೆ ಇದೆ. ಹೊಳೆಯಾಚೆ ಹಂಪಿಯಲ್ಲಿ ಮತಂಗ ಪರ್ವತ, ನಿಂಬಾಪುರದ ಬಳಿ ವಾಲಿಯನ್ನು ಸುಟ್ಟ ಬೂದಿ ಎಂದು ಜನ ತೋರಿಸುವ ದಿಬ್ಬ. ವಾಲ್ಮೀಕಿ ರಾಮಾಯಣದ 24,000 ಶ್ಲೋಕಗಳಲ್ಲಿ ಕಿಷ್ಕಿಂಧಾ ಕಾಂಡಕ್ಕೇ 67 ಸರ್ಗಗಳು. ಅದರ ಅಳತೆಗಳೂ ಸಣ್ಣವಲ್ಲ. ವಾಲಿ ಕೊಂದ ದುಂದುಭಿಯ ಅಸ್ಥಿಪಂಜರವನ್ನು ರಾಮ ಕಾಲಿನ ಹೆಬ್ಬೆರಳಿಂದ ಹತ್ತು ಯೋಜನ ಚಿಮ್ಮುತ್ತಾನೆ. ಯೋಜನಕ್ಕೆ 12 ಕಿ.ಮೀ. ಹಿಡಿದರೂ 120 ಆಯಿತು. ಉತ್ತರಕ್ಕೆ ಚಿಮ್ಮಿದ್ದರೆ ಅದು ಕುಷ್ಟಗಿ ಸೀಮೆ ದಾಟಿ, ಕೃಷ್ಣೆಯನ್ನೂ ದಾಟಿ ಬೀಳಬೇಕು!

ಇಷ್ಟೆಲ್ಲ ಆದಮೇಲೆ ಅಣ್ಣತಮ್ಮಂದಿರ ಕಾಳಗ ಶುರುವಾದರೆ, ರಾಮನ ಬಿಲ್ಲು ಸುಮ್ಮನಾಗುತ್ತದೆ. ಇಬ್ಬರೂ ಒಂದೇ ಎರಕದವರು. ಯಾರು ವಾಲಿ, ಯಾರು ಸುಗ್ರೀವ ತಿಳಿಯದು. ಸುಗ್ರೀವ ಪೆಟ್ಟು ತಿಂದು, ರಕ್ತ ಸುರಿಸುತ್ತಾ ಋಷ್ಯಮೂಕಕ್ಕೆ ಓಡಿ ಬರುತ್ತಾನೆ. ಆಗ ಲಕ್ಷ್ಮಣ ಅಲ್ಲೇ ಬೆಳೆದ ಗಜಪುಷ್ಪಿ ಬಳ್ಳಿಯನ್ನು ಕಿತ್ತು ಅವನ ಕೊರಳಿಗೆ ಹಾಕುತ್ತಾನೆ. ಫೈಟಿಂಗ್ ಪಿಕ್ಚರ್ ಮಾಡುವವರೆಲ್ಲ ಇಂದಿಗೂ ತಲೆ ಕೆಡಿಸಿಕೊಳ್ಳುವ ಪ್ರಶ್ನೆ ಇದೇ: ಉರುಳಾಡುವ ಎರಡು ದೇಹಗಳಲ್ಲಿ ನಮ್ಮವನು ಯಾರೆಂದು ನೋಡುಗನಿಗೆ ಹೇಗೆ ಗೊತ್ತಾಗಬೇಕು? ವಾಲ್ಮೀಕಿ ಅದನ್ನು ಒಂದು ಬಳ್ಳಿಯಲ್ಲಿ ಬಗೆಹರಿಸಿಬಿಟ್ಟರು.

ಜಾಕಿ ಚಾನ್ ಕೂಡ ಈ ಬಂಡೆಗಳ ನಡುವೆ ಬಂದು ಹೋದವರು. ಸ್ಟ್ಯಾನ್ಲಿ ಟಾಂಗ್ ನಿರ್ದೇಶನದಲ್ಲಿ 2005ರಲ್ಲಿ ತೆರೆಕಂಡ ‘ದಿ ಮಿಥ್’ನ ಕೆಲವು ದೃಶ್ಯಗಳು ಹಂಪಿಯಲ್ಲಿ ಚಿತ್ರೀಕರಣವಾದವು. ಐದು ವರ್ಷದ ನಂತರ ಅದೇ ಜಾಕಿ ‘ದಿ ಕರಾಟೆ ಕಿಡ್’ನಲ್ಲಿ ಗುರುವಾದರು. ಅದು 1984ರ ಚಿತ್ರದ ರೀಮೇಕ್. ಸುಮಾರು 4 ಕೋಟಿ ಡಾಲರ್ ಹಾಕಿ ಸುಮಾರು 36 ಕೋಟಿ ಡಾಲರ್ ತೆಗೆದರು. ಹೆಸರಿನಲ್ಲಿ ಕರಾಟೆ ಇದ್ದರೂ ಹುಡುಗ ಕಲಿಯುವುದು ಕುಂಗ್ ಫೂ ಎಂದು ಹಲವರು ಬೇಸರಪಟ್ಟುಕೊಂಡರು. ನನಗೆ ಆ ರೀಮೇಕ್ ಇಷ್ಟ. ಹಳೆಯದರಲ್ಲಿ ಗುರು ಹುಡುಗನ ಕೈಯಲ್ಲಿ ಕಾರು ಉಜ್ಜಿಸುತ್ತಾನೆ. ಹೊಸದರಲ್ಲಿ ಜಾಕೆಟ್ ಕಳಚು, ತೂಗುಹಾಕು, ಕೆಳಗೆ ಹಾಕು, ಎತ್ತಿಕೋ ಎಂದು ದಿನಗಟ್ಟಲೆ ಕಾಡುತ್ತಾನೆ. ಕೆಲಸ ಬೇರೆ. ತನಗರಿವಿಲ್ಲದೆ ಹುಡುಗನ ತೋಳಿಗೆ ವಿದ್ಯೆ ಇಳಿಯುವ ಬಗೆ ಅದೇ. ರೀಮೇಕ್ ಮಾಡುವವನು ಕಾಯಬೇಕಾದದ್ದು ಅಷ್ಟನ್ನೇ.

ಇನ್ನೂ ದಿಟ್ಟ ರೀಮೇಕ್ ಕನ್ನಡದಲ್ಲೇ ಇದೆ. ಕೊಪ್ಪಳ ಹಿಂದೆ ಕೊಪಣ, ಜೈನರ ಮಹಾತೀರ್ಥ. ಇಲ್ಲಿ 772 ಬಸದಿಗಳಿದ್ದವೆಂದು ಹೇಳಿಕೆ. ಆ ಜೈನ ಪರಂಪರೆಯ ರಾಮಕಥೆಯನ್ನು ನಾಗಚಂದ್ರ ‘ರಾಮಚಂದ್ರಚರಿತಪುರಾಣ’ವಾಗಿ ಬರೆದಾಗ ಕಪಿಗಳು ಬಾಲವಿಲ್ಲದ ವಿದ್ಯಾಧರರಾದರು, ಕಪಿ ಅವರ ಧ್ವಜದ ಗುರುತಾಯಿತು. ವಾಲಿ ಸಾಯುವುದೇ ಇಲ್ಲ; ವೈರಾಗ್ಯ ಬಂದು ದೀಕ್ಷೆ ಪಡೆಯುತ್ತಾನೆ. ಆದರೆ ಸುಗ್ರೀವನ ರೂಪವನ್ನೇ ತಳೆದ ಒಬ್ಬ ಮೋಸಗಾರ ಕಥೆಯೊಳಗೆ ಬರುತ್ತಾನೆ. ಇಡೀ ಜಗಳ ಬದಲಾದರೂ, ಒಂದೇ ಮುಖದ ಇಬ್ಬರು ಮಾತ್ರ ಉಳಿದುಕೊಂಡರು. ಇದನ್ನು ಮೊದಲು ಗಮನಿಸಿದಾಗ ನನಗೆ ಮೈ ಜುಮ್ಮೆಂದಿತ್ತು.

ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಆಗ ಅವರಿಗೆ 96 ವರ್ಷ. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತೊಗಲುಗೊಂಬೆ ಆಡಿಸಿಕೊಂಡು ಬಂದ ಕೈ ಅದು. ಆ ಆಟಕ್ಕೆ ಬೇಕಾದದ್ದು ಒಂದು ಬಿಳಿ ಬಟ್ಟೆಯ ಪರದೆ, ಹಿಂದೆ ಒಂದು ದೀಪ, ಹದ ಮಾಡಿ ಬಣ್ಣ ಹಚ್ಚಿದ ತೊಗಲು, ಮತ್ತೆ ದನಿ. ಒಂದೇ ಜೋಡಿ ಕೈ ರಾಮನನ್ನೂ ರಾವಣನನ್ನೂ ಕುಣಿಸುತ್ತದೆ. ಅದೇ ಗಂಟಲಿಂದ ಗೆದ್ದವನ ಗರ್ಜನೆಯೂ ಸೋತವನ ನರಳಾಟವೂ ಬರುತ್ತವೆ. 4000 ಕೋಟಿಯ ಎದುರು ಆ ದೀಪದ ಎಣ್ಣೆಯ ಬೆಲೆ ಬರೆಯಲು ಹೋದರೆ ಎಷ್ಟು ಸೊನ್ನೆ ಹಾಕಬೇಕೋ, ನಾನು ಲೆಕ್ಕ ನಿಲ್ಲಿಸಿದೆ.

ದೊಡ್ಡ ದುಡ್ಡಿನ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ನಮ್ಮ ಗುಡ್ಡಗಳು ಅಷ್ಟು ದೊಡ್ಡ ತೆರೆಯ ಮೇಲೆ ಬರಲಿ, ಯಲಬುರ್ಗಾದ ಹುಡುಗ ಗೆಳೆಯರ ಜೊತೆ ಟಾಕೀಸಿನಲ್ಲಿ ಕೂತು ಸಿಳ್ಳೆ ಹಾಕಲಿ ಎಂಬುದೇ ಆಸೆ. ಕಾಳಗದಲ್ಲಿ ಬಂಡೆ ಹಾರಲಿ, ಮರ ಮುರಿಯಲಿ, ಧೂಳು ಮುಗಿಲಿಗೆ ಏರಲಿ. ಆ ಧೂಳಿನೊಳಗೆ ನನ್ನ ಕಣ್ಣು ಮಾತ್ರ ಸುಗ್ರೀವನ ಕೊರಳನ್ನು ಹುಡುಕುತ್ತಿರುತ್ತದೆ, ಲಕ್ಷ್ಮಣ ಬಳ್ಳಿ ಕಟ್ಟಿ ಕಳಿಸಿದ್ದಾನೋ ಇಲ್ಲವೋ ಎಂದು.