ಕರೆಂಟಿನಿಂದ ಓಡುವ ಜೀಪು

ಕೆಸರು, ಕಲ್ಲು, ದಿಬ್ಬ ಎನ್ನದೆ ಹೋಗುವ ಗಾಡಿ ಅಂದ್ರೆ ನಮಗೆ ಜೀಪೇ ನೆನಪಾಗುತ್ತದೆ. ಅದು ಡೀಸೆಲ್ ಇಲ್ಲದೆ ಬರೀ ಕರೆಂಟಿನಿಂದ ಓಡಿದರೆ? ಮಹೀಂದ್ರಾ ಕಂಪನಿಯವರು 2023ರ ಆಗಸ್ಟ್ 15ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ‘ಥಾರ್.ಇ’ ಎಂಬ ಐದು ಬಾಗಿಲಿನ ಗಾಡಿಯನ್ನು ತೋರಿಸಿದರು. ಅದು ಮಾದರಿ ಮಾತ್ರ, ಮಾರಾಟದ ಗಾಡಿಯಲ್ಲ.

ಇದರಲ್ಲಿ ಏನು ವಿಶೇಷ? ಡೀಸೆಲ್ ಎಂಜಿನ್ ಸ್ವಲ್ಪ ಜೋರಾಗಿ ತಿರುಗಿದ ಮೇಲೇ ಪೂರ್ತಿ ಬಲ ಕೊಡುತ್ತದೆ. ಅದಕ್ಕೇ ಡ್ರೈವರ್ ದಿಬ್ಬದಲ್ಲಿ ಗೇರ್ ಇಳಿಸಿ ಆಕ್ಸಿಲರೇಟರ್ ತುಳಿಯುವುದು. ವಿದ್ಯುತ್ ಮೋಟಾರು ಹಾಗಲ್ಲ, ತಿರುಗಲು ಶುರುವಾದ ಕ್ಷಣದಿಂದಲೇ ಪೂರ್ತಿ ಬಲದಿಂದ ಎಳೆಯುತ್ತದೆ. ಇಳಿಜಾರಿನಲ್ಲಿ ಅದೇ ಮೋಟಾರು ಸೈಕಲ್ ಡೈನಮೋದಂತೆ ಕೆಲಸ ಮಾಡಿ ಬ್ಯಾಟರಿಗೆ ಸ್ವಲ್ಪ ಕರೆಂಟು ವಾಪಸ್ ತುಂಬುತ್ತದೆ.

ತೊಂದರೆಗಳೂ ಇವೆ. ಬ್ಯಾಟರಿ ಬಹಳ ಭಾರ. ಭಾರದ ಗಾಡಿ ಕೆಸರಿನಲ್ಲಿ ಬೇಗ ಹೂತುಕೊಳ್ಳುತ್ತದೆ. ಬ್ಯಾಟರಿ ಗಾಡಿಯ ತಳದಲ್ಲಿರುವುದರಿಂದ ಅದಕ್ಕೆ ಕಲ್ಲು ತಾಗದಂತೆ, ನೀರು ನುಗ್ಗದಂತೆ ಭದ್ರ ಮಾಡಬೇಕು. ಡೀಸೆಲ್ ಮುಗಿದರೆ ಕ್ಯಾನಿನಲ್ಲಿ ತರಬಹುದು. ಕರೆಂಟನ್ನು ಹಾಗೆ ತರಲಾದೀತೇ? ರಾತ್ರಿಯಿಡೀ ಚಾರ್ಜ್ ಮಾಡುವಷ್ಟು ಕರೆಂಟು ಎಲ್ಲ ಹಳ್ಳಿಗಳಲ್ಲೂ ಸಿಗಬೇಕಲ್ಲವೇ? ಗಾಡಿಗಾಗಿ ಕಾಯುವಾಗ ಇದನ್ನೂ ಯೋಚಿಸೋಣ.